ಯಾರೂ ಎತ್ತದ ಫೋನು

"ಮಂಗಳವಾರ ಈ ಗೋದಾಮಿಗೆ ದಿನಾಪೂರ್ತಿ ಬೀಗ ಇತ್ತು ಅಂತ ಪೊಲೀಸ್ರಿಗೆ ಹೇಳಿಕೆ ಕೊಟ್ಟೀರಿ, ಸಂತೋಷಣ್ಣ. ಹಂಗಾದ್ರೆ ಇಲ್ಲಿ ಫೋನ್ ಎತ್ತಿದ್ದು ಯಾರು?" ಸಹನಾ ಕೇಳಿದಳು.

ಸಂತೋಷ ಪಕ್ಕದ ಬೇಲಿನಿಂದ, ಅಂದರೆ ಒತ್ತಿ ಬಿಗಿದ ಹತ್ತಿ ಮೂಟೆಯಿಂದ, ಚಿಟಿಕೆ ಹತ್ತಿ ಕಿತ್ತು, ಎರಡೂ ಕೈಯ ಹೆಬ್ಬೆರಳಲ್ಲಿ ಹಿಡಿದು ಎಳೆದು, ಎಳೆ ಎಷ್ಟುದ್ದ ಬರುತ್ತದೆ ಎಂದು ನೋಡಿದ. ಹತ್ತಿ ವ್ಯಾಪಾರಿಗಳಿಗೆಲ್ಲ ಇರುವ ಚಾಳಿ. ಯೋಚನೆಗೆ ಸಮಯ ಬೇಕಾದಾಗ ಬೇರೆಯವರು ಮೂಗು ಕೆರೆದುಕೊಳ್ಳುತ್ತಾರೆ, ಇವರು ಎಳೆ ಎಳೆಯುತ್ತಾರೆ.

"ನಿನ್ನ ಕೆಲ್ಸ ಕಂಪ್ಯೂಟರ್ ನೋಡೋದೋ, ಇನ್ಸ್‌ಪೆಕ್ಟರ್‌ಗಿರಿ ಮಾಡೋದೋ?" ಎಂದ ಕೊನೆಗೆ. ನಗುತ್ತಲೇ ಕೇಳಿದ. ಆದರೆ ಎಳೆ ತುಂಡಾಗಿತ್ತು.

ಹತ್ತಿ ಸಾಹುಕಾರ ಕೆಂಚವೀರಪ್ಪ ಕಾಣೆಯಾಗಿ ವಾರವಾಗುತ್ತ ಬಂದಿತ್ತು. ಅವರ ಕಾರು ಓಡಿಸುತ್ತಿದ್ದ ನಿಂಗರಾಜ್, ಅಂದರೆ ಸಹನಾಳ ಒಡಹುಟ್ಟಿದ ಅಣ್ಣ, ಅವರನ್ನು ಅಪಹರಿಸಿದ ಆರೋಪದ ಮೇಲೆ ಜೈಲಿನಲ್ಲಿದ್ದ. ನಾಳೆ ಅವನ ಜಾಮೀನು ಅರ್ಜಿ ಕೋರ್ಟಿಗೆ ಬರುವುದಿತ್ತು.

ಇಡೀ ಕೇಸು ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ. ಕೆಂಚವೀರಪ್ಪ ಆ ಮಂಗಳವಾರ ಹರಿಹರದ ಈ ಗೋದಾಮಿಗೆ ಬಂದಿದ್ದರೋ ಇಲ್ಲವೋ?

"ಯಜಮಾನ್ರನ್ನ ಗೋದಾಮಿನ ಬಾಗಲಿಗೆ ಬಿಟ್ಟೆ, ಕಾರಿಗೆ ಪಂಚರ್ ಹಾಕಿಸ್ಕೊಂಡು ಬಾ ಅಂದ್ರು, ವಾಪಸ್ ಬಂದು ನೋಡಿದ್ರೆ ಬೀಗ" ಅನ್ನುವುದು ನಿಂಗರಾಜನ ಮಾತು. "ಮಾವ ಗೋದಾಮಿಗೆ ಬಂದೇ ಇಲ್ಲ, ದಾರಿಯಲ್ಲೇ ಏನೋ ಮಾಡಿದಾನೆ" ಅನ್ನುವುದು ಕೆಂಚವೀರಪ್ಪನವರ ಅಳಿಯ ಸಂತೋಷನ ಮಾತು. ಡ್ರೈವರ್ ಒಂದು ಕಡೆ, ಅಳಿಯ ಒಂದು ಕಡೆ. ಪೊಲೀಸರು ಯಾರನ್ನು ನಂಬಿದರು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

"ಫೋನ್ ಯಾರು ಎತ್ತಿದ್ರು ಅಂತ ನಿನಗೆ ಹೆಂಗೆ ಗೊತ್ತು?" ಸಂತೋಷ ಕೇಳಿದ.

"ನನ್ನ ಕಾವಲು ಹೇಳ್ತು."

ಕಾವಲು. ಅದು ಸಹನಾ ಬರೆದ ಪ್ರೋಗ್ರಾಮಿನ ಹೆಸರು. ಸರಸ್ವತಿ ನಗರದ ಒಂದು ಮಳಿಗೆಯಲ್ಲಿ ಅವಳು ಗೆಳೆಯ ವೀರೇಶನ ಜೊತೆ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದಳು. ದಾವಣಗೆರೆಗೆ ಇಂಟರ್ನೆಟ್ ಆಗಷ್ಟೇ ಕಾಲಿಟ್ಟಿತ್ತು. ಮುಂಬೈನ ಒಬ್ಬ ದಲ್ಲಾಳಿ ತನ್ನ ವೆಬ್ ಪುಟದಲ್ಲಿ ಹತ್ತಿಯ ದರ ಹಾಕುತ್ತಿದ್ದ. ಮನಸ್ಸು ಬಂದಾಗ ಬದಲಿಸುತ್ತಿದ್ದ. ಅದನ್ನು ಕಾಯುತ್ತ ಕೂರುವುದು ಯಾರಿಗೆ ಸಾಧ್ಯ? ಹಾಗಾಗಿ ಕಾವಲು ಕಾಯುತ್ತಿತ್ತು. ತಾನೇ ಫೋನ್ ಲೈನಿನಲ್ಲಿ ಇಂಟರ್ನೆಟ್ಟಿಗೆ ಹೋಗಿ, ಆ ಪುಟ ಓದಿ, ಹಿಂದಿನ ಸಲ ಓದಿದ್ದರ ಜೊತೆ ಹೋಲಿಸಿ, ಅಂಕಿ ಬದಲಾಗಿಲ್ಲದಿದ್ದರೆ ಸುಮ್ಮನೆ ಮಲಗುತ್ತಿತ್ತು. ಬದಲಾಗಿದ್ದರೆ, ಆಗ ನೋಡಬೇಕು ಅದರ ಉತ್ಸಾಹ! ಚಂದಾದಾರರಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಹಚ್ಚುತ್ತಿತ್ತು.

ಮಾತಾಡುತ್ತಿರಲಿಲ್ಲ. ಮಾತಾಡಿದರೆ ಕರೆಯ ದುಡ್ಡು. ದಾವಣಗೆರೆ ವ್ಯಾಪಾರಿಗಳು ಅದಕ್ಕೆ ದಾರಿ ಹುಡುಕಿದ್ದರು. ದರ ಏರಿದರೆ ಒಂದು ರಿಂಗ್, ಕಟ್. ಇಳಿದರೆ ಮೂರು ರಿಂಗ್, ಕಟ್. ಯಾರೂ ಎತ್ತುವಂತಿಲ್ಲ. ನಾಲ್ಕನೇ ರಿಂಗ್ ಬಂದರೆ ಮಾತ್ರ ಅದು ಮನುಷ್ಯರ ಫೋನು, ಆಗ ಎತ್ತಬೇಕು. ಅವಸರಪಟ್ಟು ಎತ್ತಿದವರು ಉಳಿದ ಚಂದಾದಾರರಿಗೆಲ್ಲ ಬೆಣ್ಣೆದೋಸೆ ಕೊಡಿಸಬೇಕು. ಈ ದಂಡಕ್ಕೆ ಹೆದರಿ ಕೆಂಚವೀರಪ್ಪನವರ ಮೊಮ್ಮಕ್ಕಳು ಕೂಡ ಫೋನ್ ಬಡಿದುಕೊಂಡರೆ ಬೆರಳು ಮಡಿಚಿ ಎಣಿಸುತ್ತ ನಿಲ್ಲುತ್ತಿದ್ದರು.

"ಮಂಗಳವಾರ ದರ ಇಳೀತು," ಸಹನಾ ಹೇಳಿದಳು. "ಕಾವಲು ಈ ಗೋದಾಮಿಗೆ ಫೋನ್ ಮಾಡ್ತು. ಮೂರು ರಿಂಗ್ ಆಗ್ಬೇಕಿತ್ತು. ಎರಡನೇ ರಿಂಗಿಗೇ ಎತ್ತಿದ್ರು. ಕಂಪ್ಯೂಟರನ್ನ ಫೋನ್ ಲೈನಿಗೆ ಜೋಡಿಸೋ ಮೋಡೆಮ್ ಡಬ್ಬಿ ಒಳಗ ಒಂದು ಸಣ್ಣ ಸ್ಪೀಕರ್ ಐತೆ, ಲೈನಿನಾಗ ಏನೇ ಸದ್ದಾದ್ರೂ ಕೇಳ್ಸುತ್ತೆ. ನಾನು ಪಕ್ಕದಾಗೇ ಕೂತಿದ್ದೆ. ಒಬ್ಬ ಗಂಡಸು 'ಅಪ್ಪಣೆ ಆಗ್ಲಿ' ಅಂದ."

"ಏನಂದ?"

"ಅಪ್ಪಣೆ ಆಗ್ಲಿ. ಹಲೋ ಅನ್ನಲಿಲ್ಲ, ಯಾರು ಅನ್ನಲಿಲ್ಲ. ನಿಮ್ಮ ಮಾವನ ದನಿ ಅಲ್ಲ ಅದು. ಅವರು ಮಾತಾಡಿದ್ರೆ ಹೊಳೆ ಆಚೆ ದಡಕ್ಕೆ ಕೇಳ್ಸುತ್ತೆ. ಇದು ಮೆತ್ತಗಿತ್ತು."

"ಡಬ್ಬಿಯೊಳಗಿಂದ ದನಿ ಬಂತಂತೆ!" ಸಂತೋಷ ತೊಡೆ ತಟ್ಟಿಕೊಂಡು ನಕ್ಕ. "ಇದನ್ನ ಪೊಲೀಸ್ರಿಗೆ ಹೇಳ್ದೇನು ಮತ್ತೆ?"

"ಹೇಳ್ದೆ. ಅವರೂ ನಿಮ್ಮಂಗೇ ನಕ್ಕರು."

"ನಗದೇ ಇನ್ನೇನ್ ಮಾಡ್ತಾರೆ, ತಂಗಿ?"

"ನಗ್ರಿ. ಆದ್ರೆ ಅಲ್ನೋಡ್ರಿ."

ಅವಳು ಬೊಟ್ಟು ಮಾಡಿದ ಕಡೆ, ಗೋದಾಮಿನ ಮೂಲೆಯಲ್ಲಿ, ನೆಲದಿಂದ ಸೂರಿನವರೆಗೆ ತಂತಿಜಾಲರಿ ಹೊಡೆದ ಆಫೀಸು ಕೋಣೆಯಿತ್ತು. ಒಳಗೆ ಮೇಜು, ಮೇಜಿನ ಮೇಲೆ ಕಪ್ಪು ಫೋನು. ಜಾಲರಿ ಬಾಗಿಲಿಗೆ ಹಿತ್ತಾಳೆ ಬೀಗ.

"ಆ ಕೋಣೆ ಕೀಲಿ ಯಾರ ಹತ್ರ ಇರುತ್ತೆ?"

"ಮಾವನ ಉಡಿದಾರದಾಗೆ. ಒಂದೇ ಕೀಲಿ. ಸ್ವಂತ ಅಳಿಯನ್ನೂ ನಂಬಲ್ಲ ಆ ಮನುಷ್ಯ." ಅಷ್ಟು ಹೇಳಿದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

ಸಹನಾ ಹೋಗಿ ಆ ಹಿತ್ತಾಳೆ ಬೀಗ ಎಳೆದು ನೋಡಿದಳು.

"ಮುಂದೆ ನೀವೇ ಹೇಳ್ತೀರೋ, ನಾನು ಹೇಳ್ಲೋ?" ಎಂದಳು. "ಫೋನ್ ಎತ್ತಿದ್ದಾರೆ ಅಂದ್ರೆ ಕೋಣೆ ತೆಗ್ದಿತ್ತು. ಕೋಣೆ ತೆಗ್ದಿತ್ತು ಅಂದ್ರೆ ಕೀಲಿ ಇಲ್ಲಿತ್ತು. ಕೀಲಿ ಇಲ್ಲಿತ್ತು ಅಂದ್ರೆ ನಿಮ್ಮ ಮಾವ ಇಲ್ಲಿಗೆ ಬಂದಿದ್ರು. ನಮ್ಮಣ್ಣ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದು ನೀವು."

ಸಂತೋಷನ ನಗು ಮುಖದ ಮೇಲೆ ಹಾಗೇ ಒಣಗಿತು.

"ಆ ಎರಡು ಮಾತು ನೀವೊಂದ್ಸಲ ಅಂದು ತೋರಿಸ್ರಿ," ಸಹನಾ ಬಿಡಲಿಲ್ಲ. "ಅಪ್ಪಣೆ ಆಗ್ಲಿ ಅನ್ರಿ."

"ನಾಟಕ ಕಂಪನಿ ಏನು ಇದು?"

"ಅನ್ರಿ."

"ಅಪ್ಪಣೆ ಆಗ್ಲಿ!" ಅವನು ಕೂಗಿದ. ಸಿಗರೇಟಿನಿಂದ ಒಡೆದ, ದಪ್ಪ ದನಿ.

ಫೋನಿನಲ್ಲಿ ಕೇಳಿದ ದನಿ ಅದಲ್ಲ. ಬಸ್ಸಿನಲ್ಲಿ ದಾವಣಗೆರೆಯಿಂದ ಹರಿಹರದವರೆಗೂ ಅವಳು ಇದೇ ಗಳಿಗೆಯನ್ನು ಕಲ್ಪಿಸಿಕೊಂಡು ಬಂದಿದ್ದಳು. ಅವನು ಬಾಯಿ ಬಿಡುತ್ತಾನೆ, ತಾನು ಹಿಡಿಯುತ್ತೇನೆ, ನಾಳೆ ಅಣ್ಣ ಹೊರಗೆ. ಈಗ ನೋಡಿದರೆ ಸುಳ್ಳು ಇವನದು, ದನಿ ಇನ್ಯಾರದೋ. ಅಂದರೆ ಆ ದಿನ ಇಲ್ಲಿ ಇನ್ನೊಬ್ಬನಿದ್ದ. ಕೆಂಚವೀರಪ್ಪನವರ ಮನೆಯ ಪದ್ಧತಿ ಗೊತ್ತಿಲ್ಲದವನು. ಫೋನ್ ಬಡಿದುಕೊಂಡರೆ ಎತ್ತಬೇಕು ಅಂದುಕೊಂಡವನು.

"ಈ ದನಿ ವಿಷಯ ಇನ್ಯಾರ್ಯಾರಿಗೆ ಗೊತ್ತು?" ಸಂತೋಷ ಕೇಳಿದ. ಈಗ ದನಿ ತಗ್ಗಿತ್ತು.

ಸುಳ್ಳು ಹೇಳಬೇಕಿತ್ತು. ಊರಿಗೆಲ್ಲ ಗೊತ್ತು ಅನ್ನಬೇಕಿತ್ತು. ಆದರೆ ಸಹನಾಗೆ ಬಾಯಿಗೆ ಬಂದದ್ದು ಬಂದುಬಿಡುತ್ತಿತ್ತು.

"ವೀರೇಶನಿಗೆ ಗೊತ್ತು. ವಕೀಲ್ರಿಗೆ ಗೊತ್ತು. ಅವರು ನಾಳೆ ಕೋರ್ಟಿನಾಗ ಎಲ್ಲಾ ಬಿಚ್ಚಿಡ್ತಾರೆ!"

"ಯಾವ ವಕೀಲ್ರು?"

"ಮೈಲಪ್ಪನವ್ರು. ನಮ್ಮಣ್ಣನ ಪರವಾಗಿ ನಿಂತವರು."

ವಿಚಿತ್ರವೆಂದರೆ, ಆ ಹೆಸರು ಕೇಳಿದ್ದೇ ಸಂತೋಷನ ಭುಜ ಸಡಿಲಾಯಿತು. ಸೋತುಬಿಟ್ಟ ಅಂದುಕೊಂಡಳು ಸಹನಾ.

"ಮೈಲಪ್ಪನವರಿಗೇ ಹೇಳೀಯಾ... ಸರಿ ಬಿಡು," ಎಂದು ಅವನು ಬೇಲಿನ ಮೇಲಿಂದ ಎದ್ದ. "ನಾನೊಬ್ಬನೇ ಉತ್ತರ ಹೇಳಾಕೆ ಆಗಲ್ಲ, ತಂಗಿ. ಒಬ್ಬರನ್ನ ಕೇಳ್ಕೊಂಡು ಬರ್ತೀನಿ. ಅಲ್ಲೀತನಕ ಇಲ್ಲೇ ಕೂತಿರು."

"ಯಾರನ್ನ?"

ಅವನು ಆಗಲೇ ಬಾಗಿಲು ದಾಟಿದ್ದ. ಸಹನಾ ಓಡಿದಳು. ಅವಳ ಕೈ ತಗಡಿಗೆ ಬಡಿಯುವುದಕ್ಕೂ ಷಟರ್ ನೆಲಕ್ಕೆ ಬಡಿಯುವುದಕ್ಕೂ ಸರಿಹೋಯಿತು. ಹೊರಗೆ ಬೀಗ ಕಚ್ಚಿಕೊಂಡಿತು. ಮೋಟಾರ್ ಸೈಕಲ್ ಶುರುವಾಯಿತು, ದೂರವಾಯಿತು.

ಅವಳು ಕೂಗಿದಳು. ಎರಡೂ ಕೈಯಲ್ಲಿ ಷಟರ್ ಬಡಿದಳು. ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದಳು.

ಆಗ ಗೊತ್ತಾಯಿತು ಅವಳಿಗೆ, ಹತ್ತಿಯ ಗೋದಾಮು ಅಂದರೆ ಏನು ಅಂತ. ಖಾಲಿ ಗೋದಾಮಾಗಿದ್ದರೆ ದನಿ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಇಲ್ಲಿ ಬಾಯಿಂದ ಹೊರಟದ್ದು ತಿರುಗಿ ಬರಲೇ ಇಲ್ಲ. ಸೂರಿನ ತನಕ ಒಟ್ಟಿದ ಬೇಲುಗಳು ಕೂಗನ್ನೆಲ್ಲ ಕುಡಿದು ಸುಮ್ಮನೆ ಕೂತಿದ್ದವು. ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಂತೆ. ಮೇಲುಗಡೆಯ ಗವಾಕ್ಷಿಯಿಂದ ಸಂಜೆಯ ಬಿಸಿಲು ಕೋಲಾಗಿ ಇಳಿದಿತ್ತು. ಅದರಲ್ಲಿ ನವಿರು ನವಿರು ಎಳೆಗಳು ತೇಲುತ್ತಿದ್ದವು. ಉಸಿರೆಳೆದರೆ ಮೂಗಿಗೆ, ಬಾಯಿ ತೆರೆದರೆ ನಾಲಿಗೆಗೆ. ಕೆಮ್ಮಿದರೆ ಕೆಮ್ಮಿನ ಸದ್ದೂ ಬೇಲುಗಳಿಗೇ.

ಹೊರಗೆ ರೈಲೊಂದು ತುಂಗಭದ್ರೆಯ ಸೇತುವೆ ದಾಟಿತು. ನೆಲ ಅದುರಿತು, ಸದ್ದು ಮಾತ್ರ ಎಲ್ಲೋ ಬೇರೆ ಊರಿನದು ಎಂಬಂತೆ ಕೇಳಿಸಿತು.

ಬೆಳಿಗ್ಗೆಯ ಮಾತು ನೆನಪಾಯಿತು. ವಕೀಲ ಮೈಲಪ್ಪನವರು ಸೆಂಟರಿಗೆ ಬಂದಿದ್ದರು. ಅವರ ಮನೆಗೆ ಫೋನ್ ಮಾಡಿದರೆ ಯಾವಾಗಲೂ ಹೆಂಡತಿ ಅನ್ನಪೂರ್ಣಮ್ಮನವರೇ ಎತ್ತಿ, "ಪೂಜೆಗೆ ಕೂತಾರೆ, ನೀವೇ ಬಂದುಬಿಡ್ರಿ" ಅನ್ನುತ್ತಿದ್ದರು. ಹಾಗಾಗಿ ಏನಿದ್ದರೂ ಮುಖಾಮುಖಿಯೇ. ದೊಡ್ಡ ಮನುಷ್ಯರು. ಮಾಯಕೊಂಡದಿಂದ ಅವಳ ಅವ್ವ ಚೌಡವ್ವ ಬಂದು ಕಾಲಿಗೆ ಬಿದ್ದಾಗ "ಏಳವ್ವ, ನಿನ್ನ ಮಗನ್ನ ಬಿಡಿಸೋದು ನನ್ನ ಜವಾಬ್ದಾರಿ, ಒಂದು ಪೈಸೆ ಬ್ಯಾಡ" ಅಂದವರು. ಸಹನಾ ಅವರಿಗೆ ದನಿಯ ವಿಷಯ ಎಲ್ಲ ಹೇಳಿದ್ದಳು, ಮೋಡೆಮಿನ ಸ್ಪೀಕರ್ ತೋರಿಸಿದ್ದಳು.

ಅವರು ತುಂಬಾ ಹೊತ್ತು ಆ ಪುಟ್ಟ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದರು.

"ಭಾಳ ದೊಡ್ಡ ಸಾಕ್ಷಿ ಇದು, ತಾಯಿ," ಎಂದಿದ್ದರು. ಸಣ್ಣವರು ದೊಡ್ಡವರು ಯಾರಿದ್ದರೂ ಹೆಂಗಸರನ್ನು ತಾಯಿ ಎಂದೇ ಕರೆಯುವ ರೂಢಿ ಅವರದು. "ನಾಳೆತನಕ ಯಾರ ಹತ್ರಾನೂ ಬಾಯಿ ಬಿಡಬ್ಯಾಡ. ಹರಿಹರದ ಕಡೆ ತಲೆ ಹಾಕಿ ಸಹಿತ ಮಲಗಬ್ಯಾಡ. ತಿಳೀತೋ?"

ತಿಳೀತು ಅಂದಿದ್ದಳು. ಅವರು ಹೋದ ಮೇಲೆ ವೀರೇಶನನ್ನು ಮೆಷಿನ್ ಮುಂದೆ ಕೂರಿಸಿ, "ನಾನು ಬರೋತನಕ ಏಳಬ್ಯಾಡ, ಸ್ಪೀಕರ್ ಕಡಿಮೆ ಮಾಡಬ್ಯಾಡ" ಎಂದು ಹೇಳಿ ಹರಿಹರದ ಬಸ್ಸು ಹತ್ತಿದ್ದಳು.

"ಎಷ್ಟು ಹೊತ್ತು ಕೂರ್ಲಿ ಮಾರಾಯ್ತಿ?" ವೀರೇಶ ಗೊಣಗಿದ್ದ.

"ಡಬ್ಬಿ ಮಾತಾಡೋತನಕ."

ಡಬ್ಬಿ ಮಾತಾಡೋತನಕ!

ಸಹನಾ ಷಟರ್ ಬಿಟ್ಟು ತಿರುಗಿದಳು. ಜಾಲರಿಯಾಚೆಗಿನ ಕಪ್ಪು ಫೋನನ್ನು ದಿಟ್ಟಿಸಿದಳು.

ಸಂತೋಷ ಅವಳನ್ನು ಫೋನಿರುವ ಜಾಗದಲ್ಲಿ ಕೂಡಿ ಹಾಕಿ ಹೋಗಿದ್ದ! ಬೇರೆ ಯಾರಾದರೂ ಈ ತಪ್ಪು ಮಾಡುತ್ತಿದ್ದರೇ? ಆದರೆ ಆ ಮನೆಯವರಿಗೆ ಅದು ಮಾತಾಡುವ ವಸ್ತುವೇ ಅಲ್ಲ. ಹಮಾಲರು, ಲಾರಿಯವರು ಸಿಕ್ಕಸಿಕ್ಕಲ್ಲಿಗೆ ಮಾತಾಡಿ ಬಿಲ್ಲು ಏರಿಸುತ್ತಾರೆಂದು ಕೆಂಚವೀರಪ್ಪನವರೇ ಎಕ್ಸ್‌ಚೇಂಜಿಗೆ ಬರೆದುಕೊಟ್ಟು, ಹೊರಹೋಗುವ ಕರೆ ಬಂದ್ ಮಾಡಿಸಿದ್ದರು. ಬರುವ ರಿಂಗು ಮಾತ್ರ ಬರುತ್ತಿತ್ತು. ಅಳಿಯನ ಮಟ್ಟಿಗೆ ಅದು ಫೋನಲ್ಲ, ಶಾಲೆಯ ಗಂಟೆ ಇದ್ದಂತೆ.

ಇಲ್ಲಿಂದ ಕರೆ ಮಾಡಲು ಆಗದು. ಆದರೆ ದರ ಬದಲಾದರೆ ಕಾವಲು ಇಲ್ಲಿಗೆ ಕರೆ ಮಾಡುತ್ತದೆ. ಆಗ ಎತ್ತಿದರೆ? ಆ ದಿನ ಆ ಮನುಷ್ಯನ ದನಿ ಹೋದಂತೆ, ಇವತ್ತು ತನ್ನ ದನಿ ಸರಸ್ವತಿ ನಗರದ ಸ್ಪೀಕರಿಗೆ ಹೋಗುತ್ತದೆ. ವೀರೇಶ ಅಲ್ಲೇ ಇದ್ದಾನೆ.

ಜಾಲರಿಯಲ್ಲಿ, ತುಸು ತಗ್ಗಿಗೆ, ಟೀ ಲೋಟ ದಾಟಿಸಲು ಬಿಟ್ಟ ಒಂದು ಕಿಂಡಿಯಿತ್ತು. ಸಹನಾ ಭುಜದವರೆಗೆ ಕೈ ತೂರಿಸಿದಳು. ಮೇಜು ಇನ್ನೂ ಆಚೆಗಿತ್ತು. ಬೆರಳು ಗಾಳಿಯನ್ನಷ್ಟೇ ಹಿಡಿಯಿತು.

ಬೇಲು ಎತ್ತುವ ಹಮಾಲರ ಕೊಕ್ಕೆಯೊಂದು ಗೋಡೆಗೆ ನೇತುಹಾಕಿತ್ತು. ಅದನ್ನು ತಂದು ಕಿಂಡಿಯೊಳಗೆ ಬಿಟ್ಟಳು. ಕೆನ್ನೆ ಜಾಲರಿಗೆ ಒತ್ತಿ, ತಂತಿ ಚರ್ಮಕ್ಕೆ ಕಚ್ಚುತ್ತಿದ್ದರೂ, ಫೋನಿನ ವೈರ್‌ಗೆ ಕೊಕ್ಕೆ ಸಿಗಿಸಿ ಮೆಲ್ಲಗೆ ಎಳೆದಳು. ಬಾ. ಬಾರೋ ಮಹರಾಯ. ಫೋನು ಮೇಜಿನ ಮೇಲೆ ಜರುಗಿತು. ಅಂಚಿಗೆ ಬಂತು. ಅಂಚಿನಿಂದ ಧೊಪ್ಪನೆ ಕೆಳಗೆ ಬಿತ್ತು. ರಿಸೀವರ್ ಉರುಳಿ ದೂರ ಸರಿಯಿತು.

"ಅಯ್ಯೋ ಶಿವನೇ!"

ರಿಸೀವರ್ ಕೆಳಗಿದ್ದರೆ ಲೈನು ಎಂಗೇಜು. ಕಾವಲು ಎಷ್ಟು ಸಲ ಹಚ್ಚಿದರೂ ರಿಂಗ್ ಆಗುವುದಿಲ್ಲ. ಈ ಗಳಿಗೆಯಲ್ಲೇ ದರ ಬದಲಾದರೆ ಮುಗಿಯಿತು.

ಮೊಣಕಾಲೂರಿ, ಜಾಲರಿಗೆ ಮೈ ಒತ್ತಿ, ಕಿಂಡಿಯಿಂದ ಇಳಿಬಿಟ್ಟ ಕೈಯನ್ನು ಮುರಿಯುವಷ್ಟು ತಿರುಚಿ, ಕೊಕ್ಕೆಯನ್ನು ಮೇಜಿನ ಕೆಳಗೆ ಆಡಿಸಿದಳು. ಸುರುಳಿ ವೈರು ಸಿಕ್ಕಿತು. ಎಳೆದಳು. ರಿಸೀವರ್ ಜೊತೆಗೆ, ಧೂಳಿನಲ್ಲಿ ಉಜ್ಜುತ್ತ, ಇನ್ನೇನೋ ಬಂತು. ಒಂದು ದಾರ. ದಾರದ ತುದಿಯಲ್ಲಿ ಬೆಳ್ಳಗೆ, ದುಂಡಗೆ.

ಸಹನಾ ಅದನ್ನು ಕಿಂಡಿಯಿಂದ ಹೊರಗೆ ತೆಗೆದಳು.

ಬೆಳ್ಳಿಯ ಕರಡಿಗೆ. ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಕರಡಿಗೆ. ಶಿವದಾರ ಬಿಚ್ಚಿರಲಿಲ್ಲ, ಹರಿದಿತ್ತು. ಇದು ಯಾರದೆಂದು ಸಾಹುಕಾರರ ಮನೆಯಿದ್ದ ದೇವರಾಜ ಅರಸು ಬಡಾವಣೆಯ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೆಂಚವೀರಪ್ಪ ಸ್ನಾನಕ್ಕೂ ಅದನ್ನು ತೆಗೆದಿಡದ ಮನುಷ್ಯ. ಕಳೆದ ವರ್ಷ ಆಪರೇಷನ್ ಆದಾಗ ಡಾಕ್ಟರು ತೆಗೆಯಿರಿ ಎಂದದ್ದಕ್ಕೆ "ತೆಗೆಯೋದಾದ್ರೆ ನನ್ನ ಹೊಟ್ಟೆಗೂ ಕೈ ಹಾಕಬ್ಯಾಡ್ರಿ" ಎಂದು ಎದ್ದು ಕೂತವರು. ಹೆಂಡತಿ ಶಕುಂತಲಮ್ಮ ವಾರದಿಂದ ಒಂದೇ ಮಾತು ಆಡುತ್ತಿದ್ದರು. "ಕೊರಳಾಗಿನ ಲಿಂಗ ಇರೋತನಕ ಅವರಿಗೇನೂ ಆಗಲ್ಲ."

ಅದು ಈಗ ಅವರ ಕೊರಳಲ್ಲಿರಲಿಲ್ಲ.

ಪೊಲೀಸರು ಹುಡುಕಲು ಬಂದ ದಿನ ಜಾಲರಿಯಿಂದ ಇಣುಕಿ, ಕೋಣೆಗೆ ಬೀಗ ಇದ್ದದ್ದು ಕಂಡು, ಹಾಗೇ ಹೋಗಿದ್ದರು. ಮೇಜಿನ ಕೆಳಗೆ ಯಾರು ನೋಡಿದ್ದರು?

ಅಣ್ಣನನ್ನು ಬಿಡಿಸುವ ಸಾಕ್ಷಿ ಅವಳ ಅಂಗೈಯಲ್ಲಿತ್ತು. ಅಂಗೈ ಮಾತ್ರ ಬೀಗದೊಳಗಿತ್ತು.

ಕರಡಿಗೆಯನ್ನು ದುಪಟ್ಟಾದ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸಿದಳು. ಫೋನನ್ನು ಕಿಂಡಿಯ ಹತ್ತಿರಕ್ಕೆ ಎಳೆದುಕೊಂಡು, ರಿಸೀವರನ್ನು ಅದರ ಮೇಲೆ ಇಟ್ಟಳು. ಅಂಗೈ ಅದರ ಮೇಲೇ ಬಿಟ್ಟಳು. ದರ ಏರಿದರೆ ಒಂದೇ ರಿಂಗ್. ಆ ಒಂದರಲ್ಲೇ ಎತ್ತಬೇಕು. ತಡವಾದರೆ ಕಟ್.

ಈಗ ಕಾಯುವುದು.

ವ್ಯಾಪಾರಿಗಳು ಫೋನಿನ ಮುಂದೆ ಕೂತು ಉಗುರು ಕಚ್ಚುವುದನ್ನು ಸಹನಾ ಎಷ್ಟೋ ಸಲ ನೋಡಿ ನಕ್ಕಿದ್ದಳು. ಒಂದು ಅಂಕಿಗೆ ಇಷ್ಟು ಒದ್ದಾಡುತ್ತಾರಲ್ಲ ಅಂತ. ಈಗ ಅವಳ ಗೋಳು ಅವರಿಗಿಂತ ಕೆಟ್ಟದ್ದು. ಅವರಿಗೆ ಏರಬೇಕು ಇಲ್ಲವೇ ಇಳಿಯಬೇಕು. ಇವಳಿಗೆ ಅಲುಗಾಡಿದರೆ ಸಾಕು. ಯಾವನೋ ಮುಂಬೈನ ದಲ್ಲಾಳಿ, ಇವಳ ಮುಖ ನೋಡದವನು, ಚಹಾ ಕುಡಿದು ಬಂದು, ಪುಟದ ಮೇಲೆ ಒಂದು ಅಂಕಿ ತಿದ್ದಬೇಕು. ಅವನು ತಿದ್ದದಿದ್ದರೆ ಕಾವಲು ಓದುತ್ತದೆ, ಹೋಲಿಸುತ್ತದೆ, ಬದಲಾವಣೆ ಇಲ್ಲ ಅನ್ನುತ್ತದೆ, ಮಲಗುತ್ತದೆ. ಏನೂ ಬದಲಾಗದಿದ್ದಾಗ ಸುಮ್ಮನಿರು ಎಂದು ಅದಕ್ಕೆ ಕಲಿಸಿದವಳು ಅವಳೇ. ಒಡತಿ ಹತ್ತಿಯಲ್ಲಿ ಹೂತು ಕೂತಿದ್ದಾಳೆ ಎಂಬ ಬದಲಾವಣೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ಬಿಸಿಲ ಕೋಲು ಬೇಲಿನಿಂದ ಬೇಲಿಗೆ ಏರುತ್ತ ಹೋಯಿತು. ಬಾಯಿ ಒಣಗಿತು. ಕೈ ಜೋಮು ಹಿಡಿಯಿತು, ತೆಗೆಯುವ ಧೈರ್ಯವಾಗಲಿಲ್ಲ.

ಅಣ್ಣ ನೆನಪಾದ. ಜೈಲಿನ ಕಂಬಿಯಾಚೆಯಿಂದ "ಅವ್ವನಿಗೆ ನಾನು ಬಾಡಿಗೆಗೆ ಹೋಗೀನಿ ಅಂತ ಹೇಳು" ಅಂದಿದ್ದ. ಅವ್ವ ಆಗಲೇ ಸಹನಾಳ ಹಿಂದೆಯೇ ನಿಂತು ಅಳುತ್ತಿದ್ದಳು ಅನ್ನುವುದೂ ಗೊತ್ತಿಲ್ಲದೆ.

ದೂರದಲ್ಲಿ ಮೋಟಾರ್ ಸೈಕಲ್ ಸದ್ದು.

ಸದ್ದು ಹತ್ತಿರವಾಯಿತು. ಇನ್ನೂ ಹತ್ತಿರ. ಬಾಗಿಲ ಮುಂದೆ ನಿಂತಿತು. ಎಂಜಿನ್ ಆರಿತು. ಯಾರೋ ಇಳಿದರು. ಕೀಲಿ ಗೊಂಚಲು ಝಲ್ ಎಂದಿತು.

ಅಲುಗಾಡು, ಅಲುಗಾಡು, ಅಲುಗಾಡು.

ಟ್ರಿಣ್—

ಎತ್ತಿದಳು! ರಿಂಗು ಮುಗಿಯುವ ಮೊದಲೇ ಎತ್ತಿದಳು. ರಿಸೀವರನ್ನು ಕಿಂಡಿಯಿಂದ ಹೊರಗೆಳೆದು ಬಾಯಿಗೆ ಒತ್ತಿಕೊಂಡಳು. ಲೈನಿನಲ್ಲಿ ಗುಂಯ್ ಎನ್ನುವ ಮೌನ. ಅದು ಕಾವಲಿನ ಮೌನ, ಅವಳಿಗೆ ಗೊತ್ತಿತ್ತು. ಕೆಲವೇ ಗಳಿಗೆಯಲ್ಲಿ ಮೋಡೆಮ್ ತಾನಾಗೇ ಲೈನ್ ಕಟ್ ಮಾಡುತ್ತದೆ.

"ವೀರೇಶ! ವೀರೇಶ, ನಾನು ಸಹನಾ! ಹರಿಹರದ ಗೋದಾಮಿನಾಗ ಕೂಡಿ ಹಾಕ್ಯಾರೆ! ಸಾವ್ಕಾರ್ರು ಇಲ್ಲಿಗೆ ಬಂದಿದ್ರು, ಅವರ ಕರಡಿಗೆ ಸಿಕ್ಕೈತೆ! ಮೋಡೆಮ್ ಪಕ್ಕದ ಫೋನ್ ಎತ್ತು, ಲೈನ್ ಕಟ್ ಆಗುತ್ತೆ, ಎತ್ತೋ!"

ಟಕ್.

ಎತ್ತಿದ! ಅಲ್ಲಿ ಫೋನ್ ಎತ್ತಿದರು! ಸಹನಾಳ ಕಣ್ಣಲ್ಲಿ ನೀರು ತುಂಬಿತು. ಷಟರಿನ ಬೀಗಕ್ಕೆ ಕೀಲಿ ಹೋಗುವ ಸದ್ದು ಕೇಳಿದರೂ ಈಗ ಹೆದರಿಕೆಯಾಗಲಿಲ್ಲ.

"ವೀರೇಶ?"

ಆ ಕಡೆಯಿಂದ, ಮೆತ್ತಗೆ, ರೂಢಿಯ ಬಲದಿಂದ ಬಾಯಿಗೆ ಬಂದಂತೆ:

"ಅಪ್ಪಣೆ ಆಗ್ಲಿ."

ಅದೇ ದನಿ. ಇವತ್ತು ಪುಟ್ಟ ಸ್ಪೀಕರಿನ ಗೊರಗೊರ ಇರಲಿಲ್ಲ. ಕಿವಿಗೆ ಬಾಯಿ ಹಚ್ಚಿ ಹೇಳಿದಷ್ಟು ಸ್ವಚ್ಛ. ಆ ಕಡೆಯವರಿಗೂ ತಾವು ಏನಂದೆವೆಂದು ಹೊಳೆದಿರಬೇಕು. ಒಂದು ದೀರ್ಘ ಉಸಿರು ಕೇಳಿಸಿತು.

"ಬ್ಯಾಡ ಅಂದಿದ್ದೆನಲ್ಲ," ದನಿ ಹೇಳಿತು. ಬೇಸರದಿಂದ, ಮನೆಮಗಳಿಗೆ ಹೇಳುವಂತೆ. "ಹರಿಹರದ ಕಡೆ ತಲೆ ಹಾಕಿ ಸಹಿತ ಮಲಗಬ್ಯಾಡ ಅಂದಿದ್ದೆನಲ್ಲ, ತಾಯಿ."

ವಕೀಲರ ಹೆಸರು ಕೇಳಿದ್ದೇ ಸಂತೋಷನ ಭುಜ ಸಡಿಲಾದದ್ದು ಯಾಕೆಂದು ಈಗ ತಿಳಿಯಿತು. ಅವನು ಕೇಳಿಕೊಂಡು ಬರಲು ಹೋದದ್ದು ಯಾರನ್ನು ಎಂದೂ ತಿಳಿಯಿತು.

"ವೀರೇಶ ಎಲ್ಲಿ?" ಪಿಸುಗುಟ್ಟಿದಳು.

"ನಿಮ್ಮಣ್ಣನಿಗೆ ಬಟ್ಟೆ ಕೊಟ್ಟು ಬಾ ಅಂತ ನಾನೇ ಕಳಿಸೀನಿ. ಒಳ್ಳೇ ಹುಡುಗ, ವಕೀಲ್ರು ಹೇಳಿದ್ದಕ್ಕೆ ಎದುರು ಆಡಲಿಲ್ಲ." ಆ ಕಡೆ ಏನೋ ಪ್ಲಗ್ಗಿನಿಂದ ಕಿತ್ತ ಸದ್ದು, ಕಂಪ್ಯೂಟರಿನ ಗುಂಯ್ ನಿಂತಿತು. ಕಾವಲು ಸತ್ತಿತು. "ಈಗ ನಾನು ಹೇಳಿದ್ದು ಕೇಳು, ತಾಯಿ. ಸಂತೋಷ ಬಾಗಲು ತೆಗೀತಾನೆ. ನಿನ್ನ ಕೈಗೆ ಸಿಕ್ಕಿರೋದನ್ನ ಅವನಿಗೆ ಕೊಡು. ನಾಳೆ ಬೆಳಿಗ್ಗೆ ನಿಮ್ಮಣ್ಣನ ಪರವಾಗಿ ಕೋರ್ಟಿನಾಗ ಎದ್ದು ನಿಲ್ಲೋನು ನಾನೊಬ್ಬನೇ. ನಿಲ್ಲಬೇಕೋ, ಕೂರಬೇಕೋ, ನೀನೇ ಹೇಳು."

ಷಟರ್ ಗರಗರನೆ ಮೇಲೇರತೊಡಗಿತು. ಅದರ ಕೆಳಗೆ ಮೊದಲು ಸಂತೋಷನ ಚಪ್ಪಲಿ ಕಂಡವು.

ರಿಸೀವರ್ ಅವಳ ಕೈಯಲ್ಲೇ ಇತ್ತು. ಸೊಂಟದಲ್ಲಿ ಕರಡಿಗೆ ಕಲ್ಲಿನಂತೆ ಒತ್ತುತ್ತಿತ್ತು.

"ಹೇಳು, ತಾಯಿ," ಮೈಲಪ್ಪನವರು ಆ ಕಡೆಯಿಂದ ಅಂದರು. "ಅಪ್ಪಣೆ ಆಗ್ಲಿ."